ಎಲ್ಲೂ ಗುದ್ದದ ಗಾಡಿ

"ನಾ ಎಲ್ಲೂ ಗುದ್ದಿಲ್ಲರಿ ಮೇಡಂ. ಆಣಿ ಮಾಡಿ ಹೇಳ್ತೇನಿ."

ಡ್ರೈವರ್ ಹೇಳಿದ್ದು ಇಷ್ಟೇ. ಹೇಳಿದ್ದು ಡಾಕ್ಟರ್ ಮೇಡಂಗೆ, ಆದರೆ ಡ್ರೈವರ್ ಕಣ್ಣು ಇದ್ದದ್ದು ನನ್ನ ಮೇಲೆ. ನಾನು ಅಲೈನ್‌ಮೆಂಟ್ ಮಷಿನ್ನಿನ ಪರದೆಗೆ ಬೆರಳು ಹಚ್ಚಿಕೊಂಡು ನಿಂತಿದ್ದೆ. ಚಕ್ರಗಳು ನೇರ ಇವೆಯೋ ಎಂದು ಅಳೆಯುವ ಮಷಿನ್ ಅದು; ಹಿಂದಿನ ಎರಡೂ ಚಕ್ರಗಳ ಅಂಕಿಗಳು ಅಳತೆ ತಪ್ಪಿ ಕೆಂಪಗೆ ಕಾಣುತ್ತಿದ್ದವು.

ನನ್ನ ಶೆಡ್ಡು ಇಂಡಿಯಿಂದ ಸಿಂದಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿದೆ. ಮೇಡಂ ಇಂಡಿಯಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಾರೆ. ಸಿಂದಗಿಯಲ್ಲಿ ಆಪರೇಷನ್ ಇದ್ದರೆ ಅಲ್ಲಿಗೂ ಹೋಗುತ್ತಾರೆ, ಕರೆ ಬಂದರೆ ದೇವಣಗಾಂವದಂಥ ಹಳ್ಳಿಗಳಿಗೂ ಹೋಗುತ್ತಾರೆ. ಡ್ರೈವರ್ ಅಗರಖೇಡದವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಊರಿನ ಎಲ್ಲರಂತೆ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಮೇಡಂ ಆಸ್ಪತ್ರೆ ತೆರೆದಾಗಿನಿಂದ ಅವರ ಗಾಡಿಯ ಸ್ಟೇರಿಂಗ್ ಹಿಡಿದದ್ದು ಈ ಕಾಕಾನೇ.

ಹಿಂದಿನ ದಿನ ಮಳೆಯಲ್ಲಿ ದೇವಣಗಾಂವದಿಂದ ಬರುವಾಗ ಎದುರಿಗೆ ಎಮ್ಮೆ ಅಡ್ಡ ಬಂದಿತ್ತು. ಕಾಕಾ ಬ್ರೇಕ್ ಹಾಕಿದರು. ಗಾಡಿಯ ಮುಂಭಾಗ ನಿಂತಿತು, ಹಿಂಭಾಗ ಮಾತ್ರ ಬದಿಗೆ ಹೊರಳಿತು. ರಸ್ತೆಯ ಪಕ್ಕದ ಎರೆಮಣ್ಣಿನ ತಗ್ಗಿಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತ್ತು. ಗಾಡಿಯಲ್ಲಿ ಮೇಡಂ ಜೊತೆಗೆ ದಿನ ತುಂಬಿದ ಒಬ್ಬ ಬಸುರಿ ಇದ್ದಳು. ಬೆಳಗ್ಗೆ ಗಾಡಿ ನನ್ನಲ್ಲಿಗೆ ಬಂತು. ಹಿಂದಿನ ಟೈರುಗಳ ಹೊರಮೈ ಹೊಸದರಂತಿತ್ತು. ಒಳಅಂಚಿಗೆ ಕೈ ಹಾಕಿದರೆ ತಂತಿ ಚುಚ್ಚಿತು.

"ಏನಾಗೇತ್ರಿ ಮಿಸ್ತ್ರಿ?" ಎಂದು ಮೇಡಂ ಕೇಳಿದರು.

"ಹಿಂದಿನ ಚಕ್ರ ಹಿಡಿಯೂ ಆರ್ಮ್ ಬೆಂಡ್ ಆಗ್ಯಾವ್ರಿ. ಇಂಥಾ ಗಾಡಿಗೆ ಹಿಂದ ಅಡ್ಜಸ್ಟ್ ಮಾಡಾಕ ಏನೂ ಇರಂಗಿಲ್ಲ. ನಂಬರ್ ಇಷ್ಟ ಕೆಟ್ಟಾವ ಅಂದ್ರ ಡಿವೈಡರಿಗೋ ದೊಡ್ಡ ಕುಣಿಗೋ ಜೋರಾಗಿ ಗುದ್ದಿರಬೇಕು. ಗುದ್ದಲಾರದ ಹಿಂಗ ಆಗೂದಿಲ್ಲ."

ಆಗಲೇ ಕಾಕಾ ಗುದ್ದಿಲ್ಲವೆಂಬ ಆ ಮಾತು ಹೇಳಿದ್ದು. ಮೇಡಂ ಕಾಕಾನ ಕಡೆ ನೋಡಲಿಲ್ಲ. "ಹೊಸ ಆರ್ಮ್ ತರಸ್ರಿ," ಎಂದು ನನಗೆ ಹೇಳಿ, ಹಿಂದಕ್ಕೆ ಎರಡು ಹೊಸ ಟೈರು ಹಾಕಿಸಿಕೊಂಡು ಗಾಡಿ ಹತ್ತಿದರು.

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಕಾರಣ ನನ್ನ ರೂಢಿ. ನಮ್ಮ ಭಾಗದಲ್ಲಿ ಓಡಾಡುವ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಉಕ್ಕಿನ ಅಡ್ಡತೊಲೆ ಹಿಡಿದಿರುತ್ತದೆ. ಅಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಮಷಿನ್ ಮೊದಲು ಹಿಂದಿನ ಚಕ್ರಗಳನ್ನು ಎಲ್ಲಿ ತಿರುವಿ ಸರಿಮಾಡಬೇಕೆಂಬ ಚಿತ್ರ ತೋರಿಸುತ್ತದೆ. ನಾನು ಅದನ್ನು ದಾಟಿಸಿ ಮುಂದಿನ ಚಕ್ರಗಳಿಗೆ ಹೋಗುತ್ತೇನೆ. ಬೆರಳಿಗೆ ಅದೇ ಅಭ್ಯಾಸ. ಮೇಡಂ ಗಾಡಿ ಹಾಗಲ್ಲ. ಅದರ ಹಿಂದಿನ ಪ್ರತಿಯೊಂದು ಚಕ್ರವೂ ತನ್ನ ಪಾಡಿಗೆ ತಾನು ಏರಿಳಿಯುತ್ತದೆ, ಅದನ್ನು ಹಿಡಿಯಲು ಬೇರೆ ಬೇರೆ ಆರ್ಮುಗಳಿವೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳು ಚಿತ್ರ ದಾಟಿಸಿತು.

ಹದಿನೈದು ದಿನದ ಮೇಲೆ ಹೊಸ ಆರ್ಮುಗಳು ಬಂದವು. ಆ ದಿನ ಗಾಡಿಯನ್ನು ಮೇಡಂ ತಾವೇ ಓಡಿಸಿಕೊಂಡು ಬಂದರು.

"ಕಾಕಾ ಎಲ್ಲಿರಿ?" ಎಂದೆ.

"ಕೆಲಸ ಬಿಡಸೇನಿ. ಗುದ್ದಿದ್ದಕ್ಕ ಅಲ್ಲ. ಗುದ್ದಿ ಇಲ್ಲ ಅಂದಿದ್ದಕ್ಕ. ನನ್ನ ಹಿಂದ ಬಸುರಿ ಹೆಣ್ಮಕ್ಕಳು ಕುಂದರ್ತಾರ್ರಿ ಮಿಸ್ತ್ರಿ. ಸುಳ್ಳ ಹೇಳಾವ್ರ ಕೈಯಾಗ ಅವ್ರನ್ನ ಹ್ಯಾಂಗ ಕೊಡ್ಲಿ?"

ನನಗೆ ಆಗ ಕೆಡುಕೆನಿಸಿತು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಕಾಕಾನ ಬಗ್ಗೆ ಅಯ್ಯೋ ಅನ್ನಿಸಿದ್ದು ಹೌದು. ಅದರ ಜೊತೆಗೇ, ನನ್ನ ಒಂದು ಮಾತಿಗೆ ಇಷ್ಟು ತೂಕವಿದೆಯಲ್ಲ ಎಂಬ ಸಣ್ಣ ಹೆಮ್ಮೆಯೂ ಒಳಗೆ ಹಾದುಹೋಯಿತು. ಮೇಡಂ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ನಾನು ಕೆಲಸಕ್ಕೆ ಕೈ ಹಾಕಿದೆ.

ಅಂದು ಅಮಾವಾಸ್ಯೆ, ಕೆಲಸದವರಿಗೆ ರಜೆ. ನಾನೊಬ್ಬನೇ ಇದ್ದೆ. ಗಾಡಿಯನ್ನು ರ‍್ಯಾಂಪಿಗೆ ಏರಿಸಿ, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಎರಡೂ ಕಡೆಯ ಕೆಳಗಿನ ಆರ್ಮು ಬಿಚ್ಚಿದೆ. ಬೋಲ್ಟುಗಳು ಸಲೀಸಾಗಿ ಬಂದವು. ಈ ಭಾಗದ ಕೆಸರು ಕುಡಿದ ಬೋಲ್ಟು ಎಣ್ಣೆ ಹಾಕಿ, ಸುತ್ತಿಗೆಯಿಂದ ಬಡಿದು, ಬೈದರೂ ಬರುವುದಿಲ್ಲ. ಇವು ಹೇಗೆ ಇಷ್ಟು ಸಲೀಸಾಗಿ ಬಂದವು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹೊಸ ಆರ್ಮು ಕೂಡಿಸಿ, ಬೋಲ್ಟು ತೂರಿಸಿ, ಬಿಗಿದು ಗಾಡಿ ಇಳಿಸಿದೆ. ಟೈರುಗಳ ಗಾಳಿ ಸರಿಮಾಡಿ, ಚಕ್ರಗಳಿಗೆ ಮಷಿನ್ನಿನ ಹಿಡಿಕೆ ಕಟ್ಟಿ, ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ದೂಡಿ ಪರದೆ ನೋಡಿದೆ.

ಮತ್ತೆ ಕೆಂಪು. ಆದರೆ ಮೊದಲಿನ ಕೆಂಪಲ್ಲ. ಮೊದಲು ಎರಡೂ ಚಕ್ರಗಳ ಮೂಗು, ಅಂದರೆ ಮುಂದಿನ ಅಂಚು, ಹೊರಗೆ ತಿರುಗಿತ್ತು, ಬಲಗಡೆಯದು ಹೆಚ್ಚು. ಈಗ ಎಡಗಡೆಯದು ಒಳಗೆ ತಿರುಗಿತ್ತು, ಬಲಗಡೆಯದು ಮೊದಲಿಗಿಂತ ಹೆಚ್ಚು ಹೊರಗೆ.

ಹಳೆಯ ಆರ್ಮು ಬೆಂಡಾಗಿದ್ದರೆ ಹೊಸದರಿಂದ ಸರಿಯಾಗಬೇಕಿತ್ತು. ಕಳಿಸಿದ ಸಾಮಾನು ತಪ್ಪಿರಬಹುದೆಂದು ಹೊಸದನ್ನು ಒಂದು ಕಡೆ ಬಿಚ್ಚಿ ತಂದು ಹಳೆಯದರ ಪಕ್ಕ ನೆಲದ ಮೇಲಿಟ್ಟೆ. ಉದ್ದ ಒಂದೇ. ಒಂದರ ಮೇಲೊಂದು ಇಟ್ಟು ಎರಡೂ ತುದಿಯ ತೂತುಗಳಲ್ಲಿ ಬೋಲ್ಟು ಬಿಟ್ಟೆ. ಎಲ್ಲಿಯೂ ತಡೆಯದೆ ಇಳಿದವು. ಇನ್ನೊಂದು ಕಡೆಯದನ್ನೂ ಹಾಗೇ ನೋಡಿದೆ. ಹಳೆಯ ಆರ್ಮುಗಳು ಕೂದಲೆಳೆಯಷ್ಟೂ ಬಾಗಿರಲಿಲ್ಲ.

ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಕೈಯಲ್ಲಿ ಒಳತುದಿಯ ಬೋಲ್ಟು ಇತ್ತು. ಅದರ ತಲೆಯ ಕೆಳಗೆ ಒಂದು ದುಂಡು ಬಿಲ್ಲೆ. ಬೋಲ್ಟು ಆ ಬಿಲ್ಲೆಯ ನಡುವೆ ಇರಲಿಲ್ಲ, ಒಂದು ಬದಿಗೆ ಸರಿದಿತ್ತು. ಬಿಲ್ಲೆಯ ಅಂಚಿಗೆ ಸಣ್ಣ ಸಣ್ಣ ಗೆರೆಗಳಿದ್ದವು. ಅದನ್ನು ಇಷ್ಟು ದಿನ ಬರೀ ವಾಷರು ಎಂದುಕೊಂಡಿದ್ದೆ.

ಎಲ್ಲವನ್ನೂ ಮತ್ತೆ ಕೂಡಿಸಿದೆ. ಆದರೆ ನಟ್ಟು ಪೂರ್ತಿ ಬಿಗಿಯಲಿಲ್ಲ. ಗಾಡಿಯ ಕೆಳಗೆ ನಿಂತು ಪರದೆ ಕಾಣುವಂತೆ ತಿರುಗಿಸಿಟ್ಟುಕೊಂಡು, ಬೋಲ್ಟಿನ ತಲೆಗೆ ಪಾನಾ ಹಾಕಿ ಮೆಲ್ಲಗೆ ತಿರುವಿದೆ. ಪರದೆಯ ಮೇಲಿನ ಅಂಕಿ ಅಲುಗಿತು. ಇನ್ನಷ್ಟು ತಿರುವಿದೆ. ಕೆಂಪು ಇಳಿದು ಹಸಿರಾಯಿತು. ಮತ್ತೆ ತಿರುವಿದರೆ ಮತ್ತೆ ಕೆಂಪು.

ಹಿಂದೆ ಅಡ್ಜಸ್ಟ್ ಮಾಡಲು ಏನೂ ಇಲ್ಲ ಎಂದು ನಾನು ಹೇಳಿದ್ದೆನಲ್ಲ, ಅಡ್ಜಸ್ಟ್ ಮಾಡುವುದು ಇದೇ ಬೋಲ್ಟಿನಿಂದ. ಇದನ್ನು ತಿರುವಿದರೆ ಆರ್ಮು ಒಳಗೋ ಹೊರಗೋ ಸರಿಯುತ್ತದೆ, ಚಕ್ರದ ಮೂಗು ತಿರುಗುತ್ತದೆ. ಬಿಚ್ಚುವ ಮೊದಲು ಗೆರೆ ಎಲ್ಲಿತ್ತೆಂದು ಗುರುತು ಮಾಡಿಕೊಳ್ಳಬೇಕು. ಯಾವನೋ ಗುರುತು ಮಾಡದೆ ಬಿಚ್ಚಿ, ಹೇಗೆ ಬಂತೋ ಹಾಗೆ ತೂರಿಸಿದ್ದ.

ಯಾವನು? ಮಳೆಗಾಲಕ್ಕೆ ಮುಂಚೆ ಇದೇ ರ‍್ಯಾಂಪಿನ ಮೇಲೆ ಇದೇ ಗಾಡಿಯ ಹಿಂದಿನ ಬುಷ್ಷುಗಳನ್ನು, ಅಂದರೆ ಆರ್ಮಿನ ತೂತಿನಲ್ಲಿ ಕೂರುವ ರಬ್ಬರು ಬಳೆಗಳನ್ನು, ಬದಲಿಸಿದವನು ನಾನು. ಜಂಗು ಹಿಡಿದಿದ್ದ ಬೋಲ್ಟುಗಳನ್ನು ಬ್ರಷ್ಷು ಹಾಕಿ ತಿಕ್ಕಿ, ಗ್ರೀಸು ಹಚ್ಚಿ ಹಾಕಿದವನೂ ನಾನು. ಅದಕ್ಕೇ ಅವು ಇಂದು ಅಷ್ಟು ಸಲೀಸಾಗಿ ಬಂದಿದ್ದವು. ಬುಷ್ಷು ಹಾಕಿದ ಮರುದಿನ ಕಾಕಾ ಬಂದು, "ತಮ್ಮಾ, ಸ್ಟೇರಿಂಗ್ ಯಾಕೋ ಓರೆ ನಿಲ್ಲಾಕತ್ತೇತಿ ನೋಡು" ಎಂದಿದ್ದರು. ಹಿಂದಿನ ಚಕ್ರಗಳು ಗಾಡಿಯನ್ನು ಓರೆ ದೂಡುತ್ತಿದ್ದುದರಿಂದಲೇ ಸ್ಟೇರಿಂಗ್ ಓರೆ ನಿಲ್ಲುತ್ತಿತ್ತು. ನಾನು ಮುಂದಿನ ಚಕ್ರಗಳನ್ನು ತಿರುವಿ ಸ್ಟೇರಿಂಗನ್ನು ನೆಟ್ಟಗೆ ನಿಲ್ಲಿಸಿ ಕಳಿಸಿದ್ದೆ. ಅಲ್ಲಿಂದ ಆ ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತ, ಹಿಂದಿನ ಟೈರು ತಿನ್ನುತ್ತ, ಮಳೆಗಾಗಿ ಕಾಯುತ್ತಿತ್ತು.

ನಾನು ಕೆಡಿಸಿದ್ದೆ. ನಾನೇ ಅದನ್ನು ಮುಚ್ಚಿದ್ದೆ. ಆಮೇಲೆ ಬೆರಳು ತೋರಿಸಿ ಇನ್ನೊಬ್ಬರ ಮೇಲೆ ಹಾಕಿದ್ದೆ.

ಈಗ ನನ್ನ ಮುಂದೆ ಬಹಳ ಸುಲಭದ ದಾರಿಯೊಂದಿತ್ತು. ಹೊಸ ಆರ್ಮುಗಳು ಗಾಡಿಯಲ್ಲೇ ಇದ್ದವು. ಬೋಲ್ಟು ತಿರುವಿ ಎಲ್ಲವನ್ನೂ ಹಸಿರು ಮಾಡಿ, "ಹೊಸ ಆರ್ಮ್ ಹಾಕೇನ್ರಿ, ಎಲ್ಲಾ ಸರಿ ಆತು" ಎಂದರೆ ಮುಗಿಯಿತು. ಮೇಡಂ ಖುಷಿಯಾಗುತ್ತಿದ್ದರು. ಹಳೆಯವನ್ನು ಗುಜರಿಗೆ ಹಾಕಿದರೆ ಅವು ಬಾಗಿದ್ದವೋ ಇಲ್ಲವೋ ಕೇಳುವವರು ಯಾರೂ ಇರುತ್ತಿರಲಿಲ್ಲ. ಈ ದಾರಿಯನ್ನು ನಾನು ಒಂದು ಕ್ಷಣ ಯೋಚಿಸಿ ಬಿಟ್ಟೆನೆಂದಲ್ಲ. ಹೊರಗೆ ಹೋಗಿ ಲಿಂಬೆಹಣ್ಣಿನ ಚೀಲ ಹೇರಿಕೊಂಡು ಹೋಗುವ ಟೆಂಪೋಗಳನ್ನು ನೋಡುತ್ತ ನಿಂತು, ಮೇಡಂಗೆ ಹೇಳುವ ಮಾತನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಆಡಿಯೂ ನೋಡಿದೆ. ಮಾತು ಚೆನ್ನಾಗಿಯೇ ಕೂತಿತು. ಅಷ್ಟು ಚೆನ್ನಾಗಿ ಕೂತದ್ದೇ ನನಗೆ ಹೇಸಿಗೆ ತರಿಸಿತು.

ಒಳಗೆ ಬಂದು ಹೊಸ ಆರ್ಮುಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದೆ. ಹಳೆಯವನ್ನೇ ಮತ್ತೆ ಕೂಡಿಸಿದೆ. ಸರಿಯಾಗುವುದಾದರೆ ಅವುಗಳ ಮೇಲೇ ಸರಿಯಾಗಬೇಕು.

ಎಡಗಡೆ ಬೇಗ ಬಂತು. ಬಲಗಡೆ ಬರಲಿಲ್ಲ. ಬೋಲ್ಟನ್ನು ಕಡೆಯವರೆಗೆ ತಿರುವಿದೆ; ಅಂಕಿ ಹಸಿರಿನ ಹತ್ತಿರ ಬಂದು ನಿಂತುಬಿಟ್ಟಿತು. ಅದಕ್ಕಿಂತ ಮುಂದೆ ತಿರುವಲು ಜಾಗವೇ ಇಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಆಗ ಸಂತೋಷವಾಯಿತು. ಬಲಗಡೆ ಎಲ್ಲೋ ಏನೋ ಬಾಗಿದೆ ಅಂದರೆ ಕಾಕಾ ನಿಜವಾಗಿಯೂ ಗುದ್ದಿರಬಹುದು, ಅಂದರೆ ನಾನು ಹೇಳಿದ್ದರಲ್ಲಿ ಸ್ವಲ್ಪವಾದರೂ ನಿಜವಿದೆ. ಒಬ್ಬ ಮನುಷ್ಯನ ಮೇಲಿನ ಸುಳ್ಳು ಆಪಾದನೆ ನಿಜವಾಗಲಿ ಎಂದು ನಾನು ಟಾರ್ಚು ಹಿಡಿದು ಗಾಡಿಯ ತಳವನ್ನೆಲ್ಲ ಹುಡುಕಿದೆ. ಒಂದು ತರಚು ಗಾಯ, ಒಂದು ತಗ್ಗು, ಬಣ್ಣ ಕಿತ್ತ ಒಂದು ಗುರುತು ಸಿಕ್ಕರೆ ಸಾಕಿತ್ತು. ಏನೂ ಸಿಗಲಿಲ್ಲ. ಇಂಥ ರಸ್ತೆಗಳಲ್ಲಿ ಓಡಿದ ಗಾಡಿಯ ತಳ ಅಷ್ಟು ಶುಭ್ರವಾಗಿದ್ದುದನ್ನು ನಾನು ಕಂಡಿದ್ದು ಕಡಿಮೆ. ಕಾಕಾ ಅದನ್ನು ಹೇಗೆ ಓಡಿಸಿದ್ದರೆಂದು ಆ ತಳವೇ ಹೇಳುತ್ತಿತ್ತು.

ಟಾರ್ಚು ಆರಿಸಿ ಗಾಡಿಯಿಂದ ದೂರ ಸರಿದು ನಿಂತಾಗ ಕಂಡಿತು. ಹಿಂದಿನ ಬಲಬದಿ ಎಡಕ್ಕಿಂತ ಒಂದಿಷ್ಟು ಎತ್ತರವಾಗಿತ್ತು. ಬುಷ್ಷು ಹಾಕಿದ ದಿನದ ಇನ್ನೊಂದು ಅವಸರ ಅದು. ಆರ್ಮಿನ ಬೋಲ್ಟುಗಳನ್ನು ಕೊನೆಗೆ ಬಿಗಿಯುವುದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ. ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗಲೇ ಬಿಗಿದರೆ ಬುಷ್ಷಿನ ರಬ್ಬರು ಆ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದರೂ ಆ ಮೂಲೆ ಪೂರ್ತಿ ಇಳಿಯುವುದಿಲ್ಲ, ಚಕ್ರದ ಕೋನವೂ ತಪ್ಪುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕೆಲಸದವರಿಗೆ ನಾನೇ ಕಲಿಸುವ ಪಾಠ.

ಬಲಗಡೆಯ ಎಲ್ಲ ಆರ್ಮುಗಳ ಬೋಲ್ಟು ಸಡಿಲಿಸಿದೆ. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಹಿಂಭಾಗವನ್ನು ಹಲವು ಸಲ ಒತ್ತಿ ಕುಣಿಸಿದೆ. ಗಾಡಿ ಒಮ್ಮೆ ಕಿರ್ರೆಂದು ತನ್ನ ಮಟ್ಟಕ್ಕೆ ಇಳಿಯಿತು. ಭಾರ ಹಾಗೇ ಇರುವಾಗ ಕೆಳಗಿನಿಂದ, ಬಿಲ್ಲೆಯ ಬೋಲ್ಟೊಂದನ್ನು ಬಿಟ್ಟು, ಉಳಿದವನ್ನು ಬಿಗಿದೆ. ಆಮೇಲೆ ಅದಕ್ಕೆ ಪಾನಾ ಹಾಕಿ ತಿರುವಿದರೆ ಬಿಲ್ಲೆ ಅರ್ಧ ದಾರಿಯಲ್ಲಿರುವಾಗಲೇ ಬಲಗಡೆಯೂ ಹಸಿರಾಯಿತು. ಅದನ್ನೂ ಬಿಗಿದು, ಬಿಲ್ಲೆಯ ಗೆರೆಗಳಿಗೆ ಎರಡೂ ಕಡೆ ಬಿಳಿ ಬಣ್ಣದ ಗುರುತು ಹಾಕಿದೆ. ಹಿಂದಿನದು ಮುಗಿದ ಮೇಲೆ ಮುಂದಿನ ಚಕ್ರಗಳು. ಮೊದಲು ಸ್ಟೇರಿಂಗ್ ನೆಟ್ಟಗೆ ನಿಲ್ಲಿಸಲು ಅಲ್ಲಿ ಮಾಡಿದ್ದ ಸುಳ್ಳನ್ನೂ ತೆಗೆದೆ. ಸಿಂದಗಿ ರಸ್ತೆಯಲ್ಲಿ ಓಡಿಸಿ, ಖಾಲಿ ಜಾಗ ನೋಡಿ ಸ್ಟೇರಿಂಗಿನಿಂದ ಕೈ ತೆಗೆದೆ. ಗಾಡಿ ಗೆರೆ ಎಳೆದಂತೆ ನೇರ ಹೋಯಿತು.

ಮೇಡಂ ಬಂದಾಗ ಮೊದಲು ಡಬ್ಬಿ ಬಿಚ್ಚಿ ಹೊಸ ಆರ್ಮು ತೋರಿಸಿದೆ.

"ಇವೇನು, ಹಾಕಿಲ್ಲೇನ್ರಿ?"

"ಬೇಕಾಗಿರಲಿಲ್ಲರಿ ಮೇಡಂ. ಹಳೇವು ಬೆಂಡ್ ಆಗಿದ್ದೇ ಇಲ್ಲ. ಕಾಕಾ ಎಲ್ಲೂ ಗುದ್ದಿಲ್ಲ. ಬುಷ್ ಹಾಕುಮುಂದ ನಾನ ಬೋಲ್ಟ್ ತಪ್ಪು ಕೂಡ್ಸಿದ್ದೆ. ಅವತ್ತ ಮಳ್ಯಾಗ ಗಾಡಿ ಹೊರಳಿದ್ದು ನನ್ನ ಕೆಲಸಕ್ಕ."

ಅವರು ಪರದೆ ನೋಡಿದರು, ಗಾಡಿಯ ಕೆಳಗೆ ಬಗ್ಗಿ ಬಿಳಿ ಗುರುತು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ನಾ ಅವ್ರಿಗೆ ಇನ್ನೊಂದ ಸಲ ಕೇಳ್ಲೇ ಇಲ್ಲ," ಎಂದರು. "ನೀವು ಅಂದ್ರಿ, ನಾ ನಂಬಿದೆ. ಅಷ್ಟು ವರ್ಷದ ಮನುಷ್ಯಾನ್ನ ಬಿಟ್ಟು ನಿಮ್ಮ ಕಂಪ್ಯೂಟರ್ ನಂಬಿದೆ."

"ನಾ ಅವ್ರನ್ನ ಕರ್ಕೊಂಡು ಬರ್ತೇನ್ರಿ."

"ಕರ್ಕೊಂಡು ಬರಾಕ ಹೋಗಬ್ಯಾಡ್ರಿ. ಹೇಳಾಕ ಹೋಗ್ರಿ. ನಾ ಆಮ್ಯಾಲೆ ಹೋಗ್ತೇನಿ. ನನ್ನ ತಪ್ಪು ಬ್ಯಾರೆ, ನಿಮ್ಮ ತಪ್ಪು ಬ್ಯಾರೆ. ಎರಡೂ ಕೂಡ್ಸಿ ಒಂದ ಸಲಕ್ಕ ಮುಗಿಸಾಕ ಬರೂದಿಲ್ಲ."

ಅಗರಖೇಡಕ್ಕೆ ಬೈಕಿನ ಮೇಲೆ ಹೋದೆ. ಮನೆ ಕೇಳಿಕೊಂಡು ಹೋದಾಗ ಬಾಗಿಲಲ್ಲಿ ಕಾಕಾನ ಹೆಂಡತಿ ಕೂತು ಶೇಂಗಾ ಒಡೆಯುತ್ತಿದ್ದರು.

"ಯಾರ್ರಿ?"

"ಇಂಡಿಯಿಂದ ಬಂದೇನ್ರಿ ಕಾಕೂ. ಅಲೈನ್‌ಮೆಂಟ್ ಶೆಡ್ಡಿನವ."

ಅವರ ಕೈ ನಿಂತಿತು. ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದರು. ಬಾ ಅನ್ನಲಿಲ್ಲ, ನೀರು ತರಲಿಲ್ಲ. ನಮ್ಮ ಕಡೆ ಯಾರ ಮನೆಗೆ ಯಾರು ಬಂದರೂ ಮೊದಲು ನೀರು. ಬಿಸಿಲಲ್ಲಿ ಬಂದವನಿಗೆ ನೀರು ಸಿಗದ ಬಾಗಿಲಲ್ಲಿ ನಿಂತಾಗ, ನಾನು ಆ ಮನೆಯಿಂದ ಕಸಿದದ್ದು ಬರೀ ಒಂದು ನೌಕರಿಯಲ್ಲ ಎಂದು ಅರ್ಥವಾಯಿತು.

ಕೊನೆಗೆ ಕಾಕಾನೇ ತಂಬಿಗೆ ಹಿಡಿದು ಹೊರಗೆ ಬಂದರು. "ಕುಡಿ ಮೊದಲ," ಎಂದರು. ಕುಡಿದೆ. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಬುಷ್ಷು, ಬೋಲ್ಟು, ಓರೆ ಸ್ಟೇರಿಂಗು, ಹಳೆಯ ಆರ್ಮಿನ ಮೇಲೇ ಹಸಿರಾದ ಅಂಕಿ.

"ತಪ್ಪಾತ್ರಿ ಕಾಕಾ," ಎಂದೆ.

"ನಾ ಗುದ್ದಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು ತಮ್ಮಾ. ನನಗ ಬಂದು ಹೇಳಿದ್ರ ನನಗೇನ ಹೊಸಾದು ಸಿಕ್ತು?"

ನಾನು ಖಾಲಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟೆ.

"ಈಗ ಸಾಲಿ ವ್ಯಾನ್ ಹೊಡ್ಯಾಕತ್ತೇನಿ," ಎಂದು ಮುಂದುವರಿಸಿದರು. "ದಿನಾ ಮುಂಜಾನೆ ಹುಡುಗೂರನ್ನ ಬಿಟ್ಟು ಇಂಡಿ ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕ ಹೋಗ್ತೇನಿ. ಅಲ್ಲಿ ಡ್ರೈವರ್ ಮಂದಿ ನನಗ ಏನಂತಾರ ಗೊತ್ತೈತೇನು? ಡಿವೈಡರ್ ಕಾಕಾ ಅಂತಾರ. ಮೊದಲ ಬೆನ್ನ ಹಿಂದ ಅಂತಿದ್ರು. ಈಗ ಮುಖದ ಮುಂದ ಅಂತಾರ. ಗೊತ್ತಿಲ್ಲದವ್ರು ಅಲ್ಲಿ ಕುಂತಾರ ತಮ್ಮಾ. ಹೇಳೂದಿದ್ರ ಅಲ್ಲಿ ಬಂದು ಹೇಳು."

ಮರುದಿನ ಬೆಳಗ್ಗೆ ಸ್ಟ್ಯಾಂಡಿಗೆ ಹೋದೆ. ಚಹಾದ ಅಂಗಡಿಯ ಮುಂದೆ ಬಾಡಿಗೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಡ್ರೈವರುಗಳು ಅಲ್ಲೇ ಬೆಂಚಿನ ಮೇಲೆ, ಬಾನೆಟ್ಟಿನ ಮೇಲೆ ಕೂತಿರುತ್ತಾರೆ. ಅವರಲ್ಲಿ ಹೆಚ್ಚಿನವರು ನನ್ನ ಗಿರಾಕಿಗಳು. "ಬರ್ರಿ ಮಿಸ್ತ್ರಿ, ಚಾ ತಗೋರಿ" ಎಂದು ಒಬ್ಬ ಕರೆದ. ಕಾಕಾ ಬೆಂಚಿನ ತುದಿಯಲ್ಲಿ ಕಪ್ಪು ಹಿಡಿದು ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

"ಒಂದ ಮಾತು ಹೇಳೂದೈತ್ರಿ," ಎಂದೆ. ದನಿ ಸಣ್ಣಗೆ ಬಂತು. ಹಿಂದಿದ್ದವರಿಗೆ ಕೇಳಿಸಲಿಲ್ಲ, "ಏನ್ರಿ?" ಎಂದರು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. "ಡಾಕ್ಟರ್ ಮೇಡಂ ಗಾಡಿ ಕಾಕಾ ಎಲ್ಲೂ ಗುದ್ದಿಲ್ಲ. ಹಿಂದಿನ ಚಕ್ರ ಕೆಡಿಸಿದಾವ ನಾನು. ಕೆಡಿಸಿ ಅವ್ರ ಮ್ಯಾಲೆ ಹಾಕಿದೆ. ಗಾಡಿ ಈಗ ಹಳೇ ಆರ್ಮಿನ ಮ್ಯಾಲೇ ಓಡಾಕತ್ತೇತಿ. ಬೇಕಾದವ್ರು ಬಂದು ನೋಡ್ರಿ."

ಯಾರೋ ನಕ್ಕಂತಾಯಿತು, ನಗು ಅಲ್ಲೇ ಸತ್ತಿತು. ಚಹಾದವನು ಮಾತ್ರ ಸ್ಟೋವಿನ ಮುಂದಿನಿಂದ ಸರಿದು, ಕಾಕಾನ ಖಾಲಿ ಕಪ್ಪಿಗೆ ತಾನಾಗಿ ಇನ್ನೊಂದಿಷ್ಟು ಚಹಾ ಸುರಿದ.

ಇಷ್ಟಕ್ಕೆ ಮುಗಿಯಿತೆಂದು ತಿರುಗಬೇಕು, ಆಗ ಬಾನೆಟ್ಟಿನ ಮೇಲೆ ಕೂತಿದ್ದ ಒಬ್ಬ ಕೆಳಗಿಳಿದು ನನ್ನ ಎದುರು ಬಂದು ನಿಂತ. ಮೂವತ್ತರ ಆಸುಪಾಸಿನವನು.

"ಮಿಸ್ತ್ರಿ, ಹೋದ ಬ್ಯಾಸಗ್ಯಾಗ ನಮ್ಮ ಮಾಲಕರಿಗೂ ನೀವು ಹಿಂಗ ಹೇಳಿದ್ರಿ. ಗಾಡಿ ಗುದ್ದೇತಿ ಅಂತ. ನೆನಪೈತೇನ್ರಿ?"

ಅವನ ಮುಖ ನೋಡಿದೆ. ನೆನಪಿಗೆ ಬರಲಿಲ್ಲ. ಗಾಡಿ ಯಾವುದೆಂದು ಕೇಳಿದೆ, ಹೇಳಿದ. ಅದೂ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಆರ್ಮು ಇರುವ ಗಾಡಿಯೇ. ನಾನು ಅದರ ಕೆಳಗೆ ಏನು ನೋಡಿದೆ, ಏನು ಹೇಳಿದೆ, ಆ ಮಾತಿನಿಂದ ಇವನಿಗೆ ಏನಾಯಿತು, ಒಂದೂ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಅವನಿಗೆ ಎಲ್ಲವೂ ನೆನಪಿತ್ತು.

"ಅವಾಗ ನೀವು ಹೇಳಿದ್ದು ಖರೇನೋ ಸುಳ್ಳೋ?"

"ಗೊತ್ತಿಲ್ಲರಿ," ಎಂದೆ. ಅದಕ್ಕಿಂತ ನಾಚಿಕೆಗೇಡಿನ ಉತ್ತರವನ್ನು ನಾನು ಯಾರಿಗೂ ಕೊಟ್ಟಿಲ್ಲ. "ಗಾಡಿ ತಗೊಂಡು ಬರ್ರಿ. ನಿಮ್ಮ ಮಾಲಕರನ್ನೂ ಕರ್ಕೊಂಡು ಬರ್ರಿ. ಇಬ್ಬರ ಮುಂದನೇ ಬಿಚ್ಚಿ ನೋಡ್ತೇನಿ."

ಅವನು ಮರಳಿ ಹೋಗಿ ಬಾನೆಟ್ಟಿನ ಮೇಲೆ ಕೂತ. ಕಾಕಾ ಚಹಾ ಮುಗಿಸಿ, ಕಪ್ಪು ಇಟ್ಟು, ತಮ್ಮ ವ್ಯಾನಿನ ಕಡೆ ನಡೆದರು.

ಮೇಡಂ ಆ ವಾರವೇ ಅಗರಖೇಡಕ್ಕೆ ಹೋಗಿಬಂದರು. ಕಾಕಾ ಅವರಿಗೆ ಚಹಾ ಕೊಟ್ಟರಂತೆ, ಮನೆಮಂದಿಯ ಆರೋಗ್ಯದ ಮಾತಾಡಿದರಂತೆ, ಕೆಲಸಕ್ಕೆ ಮಾತ್ರ ಬರಲಿಲ್ಲ. "ಸಾಲಿ ಹುಡುಗೂರು ರೂಢಿ ಆಗ್ಯಾರ್ರಿ" ಎಂದರಂತೆ. ಮೇಡಂ ಈಗ ಸಿಂದಗಿಗೆ ತಾವೇ ಓಡಿಸಿಕೊಂಡು ಹೋಗುತ್ತಾರೆ.

ಆ ಇನ್ನೊಬ್ಬ ಡ್ರೈವರ್ ಇನ್ನೂ ಬಂದಿಲ್ಲ. ಅವನ ಮಾಲಕರ ಗಾಡಿ ಬೂದು ಬಣ್ಣದ್ದು. ರಸ್ತೆಯಲ್ಲಿ ಬೂದು ಬಣ್ಣದ ಗಾಡಿ ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅದು ನನ್ನ ಶೆಡ್ಡಿನ ಕಡೆ ತಿರುಗುತ್ತದೆಯೋ ಎಂದು ನೋಡುತ್ತೇನೆ. ಇಲ್ಲಿಯವರೆಗೆ ಎಲ್ಲವೂ ಮುಂದೆ ಹೋಗಿವೆ.